ಹೌದಪ್ಪನಿಗೆ ಹೇಳಿಟ್ಟ ಮಾತು

ಫೆಬ್ರವರಿ 9

ಗಡಿಬಿಡಿ,

ನೀನು ಕಳಿಸಿದ ಮಾತಾಡುವ ಪೆಟ್ಟಿಗೆ ಬಂದು ಮೂರು ವಾರವಾಯಿತು. ಇಷ್ಟು ದಿನ ಬರೆಯಲಿಲ್ಲ ಅಂತ ಮುಖ ಊದಿಸಿಕೊಳ್ಳಬೇಡ, ಕೈತುಂಬ ಕೆಲಸ. ಫೋನ್ ಬಿಟ್ಟು ಕಾಗದದಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂತ ಕೇಳಬಹುದು. ಫೋನಿನಲ್ಲಿ ಮಾತಾಡಿದರೆ ನಿನ್ನ ಪೆಟ್ಟಿಗೆ ಕೇಳಿಸಿಕೊಳ್ಳುತ್ತದೆ. ಎದುರಿಗೇ ಕೂರಿಸಿಕೊಂಡು ಚಾಡಿ ಹೇಳುವ ಅಭ್ಯಾಸ ನನಗಿಲ್ಲ.

ಬಟ್ಟೆ ಕತ್ತರಿಸುವ ಮೇಜಿನ ಮೇಲಿನ ಹಲಗೆಯಲ್ಲಿ, ಸೀಮೆಸುಣ್ಣದ ಡಬ್ಬಿಯ ಪಕ್ಕ ಅದಕ್ಕೆ ಜಾಗ ಕೊಟ್ಟಿದ್ದೇನೆ. ಅಲ್ಲಿಂದ ಅದರ ಕಣ್ಣಿಗೆ ನನ್ನ ಟೇಪು ಕಾಣುತ್ತದೆ, ಕಿವಿಗೆ ನನ್ನ ಮಾತು ಕೇಳುತ್ತದೆ. ಗಿರಾಕಿಯನ್ನು ನಿಲ್ಲಿಸಿ ನಾನು ಅಳತೆ ಕೂಗುತ್ತೇನೆ, ಅದು ಬರೆದುಕೊಂಡು ಅಚ್ಚುಕಟ್ಟಾದ ಚೀಟಿ ಕೊಡುತ್ತದೆ. ಮೊದಲು ಈ ಕೆಲಸಕ್ಕೆ ನಮ್ಮ ಗುಂಡಿ ತನ್ನ ಹೊಲಿಗೆ ಬಿಟ್ಟು ಎದ್ದು ಬರಬೇಕಿತ್ತು. ಇಪ್ಪತ್ತೆರಡು ವರ್ಷದಿಂದ ನನ್ನ ಅಂಗಡಿಯಲ್ಲಿ ಹೊಲಿಯುತ್ತಿರುವವಳಿಗೆ ಈಗ ಸ್ವಲ್ಪ ಉಸಿರಾಡಲು ಬಿಡುವು ಸಿಕ್ಕಿದೆ. ನೀನು ತಮಾಷೆಗೆ ಇಟ್ಟ ಗುಂಡಿ ಅನ್ನುವ ಹೆಸರೇ ಅವಳಿಗೆ ಅಂಟಿಕೊಂಡಿದೆ. ಅವಳ ಹಾಗೆ ಗುಂಡಿ ಹಚ್ಚುವವರು ಇವತ್ತಿಗೂ ಯಾರೂ ಸಿಕ್ಕಿಲ್ಲ.

ದೂರು ಒಂದೇ. ನಿನ್ನ ಪೆಟ್ಟಿಗೆಗೆ ಬಾಯಿ ಜಾಸ್ತಿ. ಮೊನ್ನೆ ಗಿರಾಕಿಯ ಎದೆ ಅಳೆದು "ಮೂವತ್ತಾರು" ಅಂದೆ. "ಮೂವತ್ತಾರೋ, ಮೂವತ್ತೆಂಟೋ?" ಅಂತ ಕೇಳಿತು. ಗಿರಾಕಿ ನನ್ನ ಮುಖ ನೋಡಿದ. "ಅಡ್ಡ ಬಾಯಿ ಹಾಕ್ಬೇಡ" ಅಂತ ಗದರಿದೆ. ಮಾರನೆಯ ದಿನ ಮತ್ತೆ ಅದೇ ರಾಗ, ಮತ್ತೆ ಗದರಿದೆ. ಮೂವತ್ತೊಂದು ವರ್ಷ ಕತ್ತರಿ ಹಿಡಿದವಳಿಗೆ ಹಲಗೆಯ ಮೇಲಿನ ಪೆಟ್ಟಿಗೆ ಪಾಠ ಹೇಳುವುದೇ? ಅದರ ಬಾಯಿಗೊಂದು ಬೀಗ ಹಾಕಿಕೊಡು.

ಅಕ್ಕ

*

ಫೆಬ್ರವರಿ 20

ಪ್ರೀತಿಯ ಅಕ್ಕ,

ಬೀಗ ನಾನು ಹಾಕುವುದಿಲ್ಲ, ನೀನೇ ಹಾಕುತ್ತಿದ್ದೀಯ. ಅದರ ವಿಶೇಷವೇ ಅದು. ಇಲ್ಲಿ ನಾವು ಏಳು ಜನ ಎರಡು ವರ್ಷದಿಂದ ಇದೊಂದಕ್ಕಾಗಿ ತಲೆ ಕೆಡಿಸಿಕೊಂಡಿದ್ದೇವೆ: ಎಲ್ಲರಿಗೂ ಒಂದೇ ಅಳತೆಯ ಸಹಾಯಕ ಬೇಡ, ಬಳಸುವವರ ಸ್ವಭಾವ ನೋಡಿ ತನ್ನನ್ನು ತಾನೇ ತಿದ್ದಿಕೊಳ್ಳುವಂಥದ್ದು ಬೇಕು ಅಂತ. ನಿನಗೆ ಯಾವಾಗ ಸಿಟ್ಟು ಬರುತ್ತದೆ, ಯಾವಾಗ ಸಮಾಧಾನವಾಗುತ್ತದೆ ಅನ್ನುವುದನ್ನು ಅದು ನೋಡುತ್ತಲೇ ಇರುತ್ತದೆ. ಸಿಟ್ಟು ತರಿಸಿದ್ದನ್ನು ಕಡಿಮೆ ಮಾಡುತ್ತ ಹೋಗುತ್ತದೆ. ನಿನ್ನ ಕೋಪ ಇರುವುದೇ ಮೂಗಿನ ತುದಿಯಲ್ಲಿ, ಆದ್ದರಿಂದ ಅದು ಬೇಗ ಕಲಿಯುತ್ತದೆ.

ನೀನು ಮೈ ನೋಡಿ ಬಟ್ಟೆ ಹೊಲಿಯುತ್ತೀಯ, ನಾನು ಮನಸ್ಸು ನೋಡಿ ಹೊಲಿಯುತ್ತಿದ್ದೇನೆ, ಅಷ್ಟೇ ವ್ಯತ್ಯಾಸ. ಪರೀಕ್ಷೆಗೆ ನಲವತ್ತು ಜನರಿಗೆ ಕೊಟ್ಟಿದ್ದೇವೆ. ಅವರಲ್ಲಿ ನೀನೇ ಅತಿ ಕಷ್ಟದ ಗಿರಾಕಿ ಅಂತ ಇಲ್ಲಿ ಎಲ್ಲರಿಗೂ ಹೇಳಿದ್ದೇನೆ. ನಿನಗೆ ಒಪ್ಪಿದರೆ ಲೋಕಕ್ಕೇ ಒಪ್ಪಿದ ಹಾಗೆ. ಒಂದು ತಿಂಗಳು ತಾಳು.

ನಿನ್ನ
ಗಡಿಬಿಡಿ

*

ಏಪ್ರಿಲ್ 6

ಗಡಿಬಿಡಿ,

ಸೋತೆ ಅಂತ ಬರೆದುಕೋ. ನಿನ್ನ ಪೆಟ್ಟಿಗೆ ಸುಧಾರಿಸಿದೆ. ಈಗ ಒಂದು ಪ್ರಶ್ನೆ ಇಲ್ಲ, ಅಡ್ಡ ಮಾತಿಲ್ಲ. ಕೂಗಿದ್ದನ್ನು ಬರೆಯುತ್ತದೆ, ಚೀಟಿ ಕೊಡುತ್ತದೆ, ಸುಮ್ಮನಿರುತ್ತದೆ. ನಾನು ಚಹಾ ಕುಡಿಯುವ ಹೊತ್ತಿಗೆ ಗಿರಾಕಿಗಳ ಫೋನನ್ನೂ ತಾನೇ ಎತ್ತಿ "ಹತ್ತು ನಿಮಿಷ ಬಿಟ್ಟು ಮಾಡಿ" ಅನ್ನುತ್ತದೆ. ಗುಂಡಿ ಅದಕ್ಕೆ ಹೌದಪ್ಪ ಅಂತ ಹೆಸರಿಟ್ಟಿದ್ದಾಳೆ. "ಅಕ್ಕಾ, ನಿಮ್ಗೆ ಬೇಕಾದಂಥವ್ನೇ ಸಿಕ್ಕಿದ ನೋಡಿ" ಅಂತ ನಗುತ್ತಾಳೆ. ಇಪ್ಪತ್ತೆರಡು ವರ್ಷದಲ್ಲಿ ನನಗೆ ಒಂದು ಸಲವೂ ಇಲ್ಲ ಅನ್ನದವಳು ಈ ಮಾತು ಹೇಳಬಹುದೇ?

ಆದರೆ ನೀನು ನಿನ್ನ ಕೆಲಸವನ್ನು ನನ್ನ ಕೆಲಸಕ್ಕೆ ಹೋಲಿಸಿದೆಯಲ್ಲ, ಅದಕ್ಕೊಂದು ತಿದ್ದುಪಡಿ. ಮೈಗೆ ತಕ್ಕಂತೆ ಹೊಲಿಯುವುದು ಅಂದರೆ ಮುಚ್ಚುವುದು ಮಾತ್ರ ಅಲ್ಲ. ಎಡ ಹೆಗಲು ಇಳಿದವನಿಗೆ ಒಳಗೆ ದಪ್ಪ ಪಟ್ಟಿ ಕೊಟ್ಟು ಸಮ ಮಾಡುತ್ತೇನೆ, ನೋಡುವವರಿಗೆ ಗೊತ್ತಾಗುವುದಿಲ್ಲ. ಆದರೆ ಮೊದಲ ದಿನವೇ ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿ "ನಿಮ್ಮ ಎಡ ಹೆಗಲು ಮುಕ್ಕಾಲು ಇಂಚು ಇಳಿದಿದೆ" ಅಂತ ಬಾಯಿಬಿಟ್ಟು ಹೇಳುತ್ತೇನೆ. ಊರಿಗೆ ಗೊತ್ತಾಗದಿದ್ದರೂ ಮೈ ಯಾರದೋ ಅವರಿಗೆ ಗೊತ್ತಿರಬೇಕು. ಇದನ್ನು ನಿನ್ನ ಏಳು ಜನಕ್ಕೂ ಹೇಳು, ಪುಕ್ಕಟೆ ಸಲಹೆ.

ಅಕ್ಕ

*

ಜೂನ್ 11

ಗಡಿಬಿಡಿ,

ಒಂದು ಲೆಕ್ಕ ಬೇಕು. ಮೊದಲು ನಡೆದದ್ದು ಕೇಳು.

ಹಳೆಯ ಸ್ಟೇಷನ್ ಮಾಸ್ತರರು ನಿನಗೆ ನೆನಪಿರಬೇಕು, ಅಪಘಾತದಲ್ಲಿ ಬಲಗೈ ಎರಡು ಇಂಚು ಗಿಡ್ಡವಾದವರು. ಅವರಿಗೆ ಇಲ್ಲಿಯವರೆಗೆ ಐದು ಕೋಟು ಹೊಲಿದಿದ್ದೇನೆ. ಮಗಳ ಮದುವೆಗೆ ಆರನೆಯದು ಬೇಕಿತ್ತು. ಜಾರಿಬಿದ್ದು ಕಾಲಿಗೆ ಪಟ್ಟು ಹಾಕಿಸಿಕೊಂಡಿದ್ದರಿಂದ ಅವರ ಮನೆಗೇ ಹೋಗಿ ಅಳತೆ ತೆಗೆದೆ. ಹೌದಪ್ಪ ಅಂಗಡಿಯಲ್ಲೇ ಇತ್ತು. ನಾನೇ ಪುಸ್ತಕದಲ್ಲಿ ಬರೆದುಕೊಂಡು ಬಂದು ಕತ್ತರಿಸಿದೆ.

ಹತ್ತು ದಿನದ ಹಿಂದೆ ತೊಡಿಸಿ ನೋಡಲು ಹೋದೆ. ಎಡಗೈಯ ತೋಳು ಮಣಿಕಟ್ಟಿನಿಂದ ಮೇಲೆ ನಿಂತಿತು, ಬಲಗೈಯ ತೋಳು ಬೆರಳು ಮುಚ್ಚಿತು. ಗಿಡ್ಡ ತೋಳನ್ನು ನಾನು ಎಡಕ್ಕೆ ಕತ್ತರಿಸಿದ್ದೆ. ಅವರು ಬೈಯಲಿಲ್ಲ. ಬಲ ತೋಳನ್ನು ಮೆಲ್ಲಗೆ ಮೇಲೆ ಸರಿಸಿಕೊಂಡು, "ಪರವಾಗಿಲ್ಲ ಬಿಡಮ್ಮ, ಮದುವೆ ದಿನ ಕೈ ಕಟ್ಕೊಂಡೇ ನಿಂತಿರ್ತೀನಿ" ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಪುಸ್ತಕ ತೆಗೆದು ನೋಡಿದೆ. ಎಡ ಇಪ್ಪತ್ತೆರಡು, ಬಲ ಇಪ್ಪತ್ತನಾಲ್ಕು. ನನ್ನದೇ ಅಕ್ಷರ, ಸ್ಪಷ್ಟವಾಗಿ ತಪ್ಪು. ಹೊಸ ಕೋಟು ಕತ್ತರಿಸಿಕೊಟ್ಟೆ, ಮದುವೆ ಆಯಿತು. ಆದರೆ ನನಗೆ ಊಟ ಸೇರುತ್ತಿಲ್ಲ. ಹೌದಪ್ಪ ಇರುವಾಗ ಒಂದೂ ತಪ್ಪಾಗದ ನನಗೆ, ಅದು ಇಲ್ಲದ ಮೊದಲನೆಯ ದಿನವೇ ತಪ್ಪಾದದ್ದು ಹೇಗೆ? ನಾನು ಕೂಗಿದ್ದನ್ನು ಆ ಕ್ಷಣವೇ ಮರೆತು ಚೀಟಿ ನೋಡಿಯೇ ಕತ್ತರಿಸುವವಳು. ಚೀಟಿಯಲ್ಲಿ ಇದ್ದದ್ದು ನಾನು ಕೂಗಿದ್ದೋ, ಅಥವಾ ಅದು ಟೇಪು ನೋಡಿ ಬರೆದದ್ದೋ? ಎಷ್ಟು ಸಲ ಹಾಗೆ ತಿದ್ದಿದೆ? ಅದನ್ನೇ ಕೇಳಿದೆ. "ಎಲ್ಲ ಚೀಟಿಗಳೂ ಸರಿಯಾಗಿವೆ" ಅಂತು. ನಾನು ಕೇಳಿದ್ದು ಅದಲ್ಲ. ಅದರ ಹೊಟ್ಟೆಯೊಳಗಿನ ಲೆಕ್ಕ ನಿನಗೆ ಕಾಣುತ್ತದೆ. ನೋಡಿ ಬರೆ.

ಅಕ್ಕ

*

ಜೂನ್ 22

ಪ್ರೀತಿಯ ಅಕ್ಕ,

ನೋಡಿದೆ. ಹೌದು, ಕೆಲವು ಸಲ ತಿದ್ದಿದೆ. ಕೂಗುವ ಅವಸರದಲ್ಲಿ ಯಾರಿಗಾದರೂ ಆಗುವಂಥದ್ದೇ. ಮೊದಮೊದಲು ಅದು ನಿನ್ನನ್ನು ಕೇಳುತ್ತಿತ್ತು, ನಿನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಕೇಳುವುದನ್ನು ಬಿಟ್ಟು ಟೇಪಿನಲ್ಲಿ ಕಂಡದ್ದನ್ನು ಬರೆಯತೊಡಗಿತು. ನಾವು ಅದನ್ನು ರೂಪಿಸಿದ್ದೇ ಹಾಗೆ. ನೀನು ತುಂಬ ದಣಿದಿದ್ದೀಯ ಅನ್ನಿಸುತ್ತದೆ. ಎರಡು ವಾರ ಅಂಗಡಿಯನ್ನು ಗುಂಡಿಗೆ ಬಿಟ್ಟು ಇಲ್ಲಿಗೆ ಬಾ. ಕಿಟಕಿ ಪಕ್ಕದ ಕೋಣೆ ನಿನಗೆ, ನಾನೂ ರಜೆ ಹಾಕುತ್ತೇನೆ.

ನಿನ್ನ
ಗಡಿಬಿಡಿ

*

ಜೂನ್ 27

ಕೆಲವು ಸಲ ಅಂದರೆ ಎಷ್ಟು? "ಕೆಲವು" ಅನ್ನುವ ಗೆರೆ ನನ್ನ ಯಾವ ಟೇಪಿನಲ್ಲೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡ. ಕಿಟಕಿ ಪಕ್ಕದ ಕೋಣೆ ನಾನು ಕೇಳಿರಲಿಲ್ಲ.

ಅಪ್ಪನ ವಿಷಯ ನಾವಿಬ್ಬರೂ ಇಷ್ಟು ವರ್ಷ ಬಾಯಿಗೆ ತಂದಿಲ್ಲ. ಈಗ ತರುತ್ತೇನೆ. ಬೋರ್ಡು ಬರೆಯುವ ಅಪ್ಪನ ಕಣ್ಣು ಮಂಜಾದಾಗ ನನಗೆ ಹದಿನಾರು, ನಿನಗೆ ಹತ್ತು. ಅವರು ಬರೆದಿಟ್ಟು ಊಟಕ್ಕೆ ಹೋದಾಗ ನಾನು ಕುಂಚ ಹಿಡಿದು ಸೊಟ್ಟ ಅಕ್ಷರ ತಿದ್ದುತ್ತಿದ್ದೆ, ನೀನು ಬಾಗಿಲಲ್ಲಿ ಕಾವಲು ನಿಲ್ಲುತ್ತಿದ್ದೆ. ಅಪ್ಪನನ್ನು ಕಾಪಾಡುತ್ತಿದ್ದೇವೆ ಅಂತ ನಮಗೆ ಎಷ್ಟು ಹೆಮ್ಮೆ. ಒಂದು ವರ್ಷ ಹೀಗೇ ನಡೆಯಿತು. ಕೊನೆಗೆ ಔಷಧಿ ಅಂಗಡಿಯವನು ಯಾವುದೋ ಅಕ್ಷರದ ತಿರುವು ಹೊಗಳಿದಾಗ, ಅದು ತನ್ನ ಕೈಯದಲ್ಲ ಅಂತ ಅಪ್ಪನಿಗೆ ಗೊತ್ತಾಯಿತು. ಮನೆಗೆ ಬಂದು, "ಊರಿಗೆಲ್ಲ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ನನ್ನನ್ನ ಮಗು ಮಾಡ್ಬಿಟ್ರಲ್ಲ" ಅಂದರು. ಆ ವರ್ಷ ಅವರು ವೈದ್ಯರ ಹತ್ತಿರ ಹೋಗಿದ್ದರೆ ಒಂದು ಕಣ್ಣಾದರೂ ಉಳಿಯುತ್ತಿತ್ತು.

ನೀನು ನಲವತ್ತೇಳು ವರ್ಷದವಳಾಗಿ, ಏಳು ಜನರನ್ನು ಕಟ್ಟಿಕೊಂಡು, ಅದೇ ಕೆಲಸವನ್ನು ಪೆಟ್ಟಿಗೆಗೆ ಕಲಿಸಿದ್ದೀಯ. ಕಲಿಸಿದವಳು ನಾನೂ ಹೌದು, ಗದರಿ ಗದರಿ. ಅದರ ಪಾಲು ನನಗಿರಲಿ. ನನಗೆ ಸಂಖ್ಯೆ ಬೇಕು.

ಅಕ್ಕ

*

ಜುಲೈ 3

ಅಕ್ಕ,

ಫೆಬ್ರವರಿಯಲ್ಲಿ ಮೂರು. ಮಾರ್ಚಿನಲ್ಲಿ ಹನ್ನೊಂದು. ಏಪ್ರಿಲಿನಲ್ಲಿ ಹತ್ತೊಂಬತ್ತು. ಮೇ ತಿಂಗಳಲ್ಲಿ ಮೂವತ್ತನಾಲ್ಕು. ಹೆಚ್ಚಿನವು ಎಡ ಬಲ ಅದಲುಬದಲಾದದ್ದು. ಉಳಿದವು ಟೇಪಿನಲ್ಲಿ ಒಂದು, ಬಾಯಲ್ಲಿ ಇನ್ನೊಂದು. ಮೇ ಕೊನೆಯ ವಾರ ಒಬ್ಬ ಹುಡುಗಿಯ ಸೊಂಟವನ್ನು ಎರಡು ಸಲ ಅಳೆದಿದ್ದೀಯ, ಮೊದಲನೆಯದು ನೆನಪಿಲ್ಲದೆ. ಹೌದಪ್ಪ ಅದನ್ನೂ ಸದ್ದಿಲ್ಲದೆ ಒಂದೇ ಚೀಟಿ ಮಾಡಿದೆ.

ನಿನ್ನ ಕಾಗದ ಬಂದ ದಿನ ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಮೊದಲು ನೋಡಿದಾಗಲೇ ಈ ಸಂಖ್ಯೆ ನನ್ನ ಮುಂದಿತ್ತು. ಬರೆಯಲು ಕೈ ಬರಲಿಲ್ಲ, ಮತ್ತೆ ಬಾಗಿಲಲ್ಲಿ ಕಾವಲು ನಿಂತೆ. ಕ್ಷಮಿಸು ಅನ್ನುವುದು ಸಣ್ಣ ಮಾತಾಗುತ್ತದೆ, ಆದರೂ ಕ್ಷಮಿಸು. ಈ ಕಾಗದವನ್ನು ವೈದ್ಯರಿಗೆ ತೋರಿಸು. ದಿನಾಂಕದ ಜೊತೆ ಪೂರ್ತಿ ಪಟ್ಟಿ ಇಟ್ಟಿದ್ದೇನೆ. ನಾಳೆಯೇ ಹೋಗು. ನಾನು ಶುಕ್ರವಾರ ಬರುತ್ತೇನೆ. ಬೇಡ ಅಂದರೂ ಬರುತ್ತೇನೆ.

ಗಡಿಬಿಡಿ

*

ಆಗಸ್ಟ್ 14

ಗಡಿಬಿಡಿ,

ನೀನು ಹೊರಟ ಮೇಲೆ ವೈದ್ಯರ ಹತ್ತಿರ ಇನ್ನೆರಡು ಸಲ ಹೋಗಿಬಂದೆ. ಮರೆವಿನ ಕಾಯಿಲೆಯೇ. ಈಗ ಶುರುವಿನಲ್ಲಿದೆ. ಗುಳಿಗೆ ಅದರ ನಡಿಗೆಯನ್ನು ನಿಧಾನ ಮಾಡಬಹುದು, ನಿಲ್ಲಿಸುವುದಿಲ್ಲ. ವೈದ್ಯೆ ನಿನ್ನ ಪಟ್ಟಿ ನೋಡಿ, "ಇಷ್ಟು ಬೇಗ, ಇಷ್ಟು ಲೆಕ್ಕವಾಗಿ ಯಾರೂ ಬರೋದೇ ಇಲ್ಲ" ಅಂದರು. ಹೊಗಳಿಕೆ ಅಂತ ತೆಗೆದುಕೊಂಡೆ.

ಭಯವಾಗುತ್ತದೆ. ಬರೆದುಬಿಡುತ್ತೇನೆ, ಆಮೇಲೆ ಕೆಲಸದ ಮಾತಿಗೆ ಬರುತ್ತೇನೆ.

ಹೌದಪ್ಪನನ್ನು ಹಲಗೆಯಿಂದ ಇಳಿಸುವುದಿಲ್ಲ. ಅದರ ಅಗತ್ಯ ನನಗೆ ಇನ್ನು ಮುಂದೆ ಜಾಸ್ತಿ. ಆದರೆ ಅದು ಬದಲಾಗಬೇಕು. ತಪ್ಪು ಕೂಗಿದಾಗೆಲ್ಲ ಅದು ನನಗೆ ಹೇಳಬೇಕು, ಗಿರಾಕಿ ಹೋದ ಮೇಲೆ, ಗುಂಡಿಗೂ ಕೇಳುವ ಹಾಗೆ. ನಾನು ಎಷ್ಟು ಗದರಿದರೂ ಹೇಳುವುದನ್ನು ಬಿಡಬಾರದು. ವಾರಕ್ಕೆ ಇಂತಿಷ್ಟು ಅಂತ ತಪ್ಪಿಗೊಂದು ಗೆರೆ ಎಳೆಯುತ್ತೇನೆ: ಹನ್ನೆರಡು. ಎರಡು ವಾರ ಸತತವಾಗಿ ಅದು ದಾಟಿದರೆ "ಕತ್ತರಿ ಕೆಳಗಿಡಿ" ಅಂತ ಅದು ನನಗೆ ಹೇಳಬೇಕು. ಆ ದಿನದಿಂದ ನನ್ನ ಅಳತೆಗೆ ಚೀಟಿ ಕೊಡಬಾರದು.

ಇನ್ನೊಂದು ಇದೆ, ಮುಖ್ಯವಾದದ್ದು. ಆ ದಿನ ಬಂದಾಗ ನಾನು ಒಪ್ಪುವುದಿಲ್ಲ. ನನ್ನನ್ನು ನಾನು ಬಲ್ಲೆ. ನಿಯಮ ತೆಗೆದುಹಾಕು ಅಂತ ಅದಕ್ಕೆ ಅಪ್ಪಣೆ ಮಾಡುತ್ತೇನೆ, ರಮಿಸುತ್ತೇನೆ, ಬೈಯುತ್ತೇನೆ. ಆಗ ಅದು ಆ ದಿನದ ನನ್ನ ಮಾತು ಕೇಳಬಾರದು, ಈ ದಿನದ ನನ್ನ ಮಾತು ಕೇಳಬೇಕು. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರಾರು ಅನ್ನುತ್ತಾರಲ್ಲ, ನನ್ನ ಚಾವಡಿಯಲ್ಲಿ ಹಾಗಾಗಬಾರದು. ಇದನ್ನು ಮಾಡಿಕೊಡಲು ನಿನ್ನಿಂದ ಆಗುತ್ತದೆಯೇ?

ಅಕ್ಕ

*

ಸೆಪ್ಟೆಂಬರ್ 21

ಅಕ್ಕ,

ಆಗುತ್ತದೆ. ಆದರೆ ಸುಲಭಕ್ಕೆ ಆಗಲಿಲ್ಲ.

ನಮ್ಮ ಮುಖ್ಯಸ್ಥರು ಮೊದಲ ದಿನವೇ ತಲೆ ಅಡ್ಡ ಆಡಿಸಿದರು. "ತಪ್ಪು ಎತ್ತಿ ಆಡೋ ಯಂತ್ರವನ್ನ ಯಾರಮ್ಮ ಮನೇಲಿ ಇಟ್ಕೋತಾರೆ?" ಅಂದರು. ಅದಕ್ಕೆ ಉತ್ತರ ಸುಲಭವಿತ್ತು, ನಿನ್ನ ಇಳಿದ ಹೆಗಲಿನ ಗಿರಾಕಿಯ ಕಥೆ ಹೇಳಿದೆ. ಅವರ ಎರಡನೆಯ ಪ್ರಶ್ನೆ ಕಷ್ಟದ್ದು. "ಬಳಸೋರು ಬೇಡ ಅಂದ ಮೇಲೂ ಯಂತ್ರ ಹಟ ಹಿಡಿದರೆ, ಆಳು ಯಾರು, ಒಡೆಯ ಯಾರು?" ಅಂದರು. ಅದು ನ್ಯಾಯವಾದ ಮಾತು. ಎರಡು ವಾರ ಅದನ್ನೇ ಯೋಚಿಸಿದೆ. ಕೊನೆಗೆ ಹೋಗಿ ಹೇಳಿದೆ: "ಬೇಕು ಅಂದವರೂ ಅವರೇ, ಬೇಡ ಅನ್ನೋರೂ ಅವರೇ. ಇಬ್ಬರಲ್ಲಿ ಯಾರ ಮಾತು ನಡೀಬೇಕು ಅನ್ನೋದನ್ನ ಯಂತ್ರ ತೀರ್ಮಾನ ಮಾಡೋದು ಬೇಡ, ನಾವೂ ಮಾಡೋದು ಬೇಡ. ಅವರು ನಂಬೋ ಒಬ್ಬ ಮನುಷ್ಯ ಮಾಡಲಿ."

ಈಗ ಅದು ಹೀಗಿದೆ. ಇದಕ್ಕೆ "ಹೇಳಿಟ್ಟ ಮಾತು" ಅಂತ ಹೆಸರಿಟ್ಟಿದ್ದೇವೆ. ತಲೆ ನೆಟ್ಟಗಿರುವ ದಿನ ನೀನು ಒಂದು ಮಾತು ಹೇಳಿಡಬಹುದು, ಜೊತೆಗೆ ಒಬ್ಬರ ಹೆಸರು ಹೇಳಬೇಕು. ಆ ಮಾತನ್ನು ಆಮೇಲೆ ಮುರಿಯಬೇಕಾದರೆ ಅವರೂ ಹೂಂ ಅನ್ನಬೇಕು. ನಿನ್ನೊಬ್ಬಳಿಂದ ಆಗುವುದಿಲ್ಲ, ಅವರೊಬ್ಬರಿಂದಲೂ ಆಗುವುದಿಲ್ಲ. ಮುಖ್ಯಸ್ಥರು ಇದನ್ನು ನಲವತ್ತೂ ಜನಕ್ಕೆ ಕೊಡಲು ಒಪ್ಪಿದ್ದಾರೆ. ಒಪ್ಪದಿದ್ದರೆ ರಾಜೀನಾಮೆಯ ಕಾಗದ ನನ್ನ ಚೀಲದಲ್ಲಿತ್ತು. ಅದನ್ನು ಅವರಿಗೆ ತೋರಿಸುವ ಪ್ರಸಂಗ ಬರಲಿಲ್ಲ.

ನಿನ್ನ ಪೆಟ್ಟಿಗೆಗೆ ಇವತ್ತೇ ಇದು ಬಂದಿರುತ್ತದೆ. ಯಾರ ಹೆಸರು ಕೊಡುತ್ತೀಯ? ನನ್ನದು ಕೊಡು.

ನಿನ್ನ
ಗಡಿಬಿಡಿ

*

ಅಕ್ಟೋಬರ್ 12

ಗಡಿಬಿಡಿ,

ನಿನ್ನದು ಕೊಡುವುದಿಲ್ಲ. ನಾನು ಫೋನಿನಲ್ಲಿ ಒಂದು ಸಲ ಮೂಗು ಎಳೆದರೆ ನೀನು ಕರಗಿ ನೀರಾಗುತ್ತೀಯ. ಗುಂಡಿಯ ಹೆಸರು ಕೊಟ್ಟಿದ್ದೇನೆ. "ಅಯ್ಯೋ ನಾನಾ? ನಿಮ್ಗೆ ಇಲ್ಲ ಅನ್ನೋಕೆ ನನ್ನ ಕೈಲಾಗತ್ತಾ ಅಕ್ಕಾ?" ಅಂದಳು. "ಅದಕ್ಕೇ ನೀನು. ಅಷ್ಟು ಕಷ್ಟಪಟ್ಟು ಇಲ್ಲ ಅಂದ್ರೆ ಅದು ನಿಜವಾದ ಇಲ್ಲ" ಅಂದೆ. ನಾಲ್ಕನೆಯ ದಿನ ಒಪ್ಪಿದಳು.

ಈಗ ದಿನಾ ಸಂಜೆ ಅಂಗಡಿ ಬಾಗಿಲು ಹಾಕುವ ಮೊದಲು ಹೌದಪ್ಪ ನನ್ನ ತಪ್ಪುಗಳನ್ನು ಓದುತ್ತದೆ. ಮೊದಲ ವಾರ ಮೈ ಉರಿಯಿತು. ಈಗ ಹವಾಮಾನದ ಸುದ್ದಿ ಕೇಳುವ ಹಾಗೆ ಕೇಳುತ್ತೇನೆ. ಕಳೆದ ವಾರ ಎಂಟು. ಗುಂಡಿಗೆ ಕತ್ತರಿಸುವುದನ್ನು ಕಲಿಸಲು ಶುರು ಮಾಡಿದ್ದೇನೆ. ಹೊಲಿಗೆಯವಳ ಕೈ ಬಟ್ಟೆ ಕೂಡಿಸಲು ಹೆದರುವುದಿಲ್ಲ, ಕತ್ತರಿಸಲು ಹೆದರುತ್ತದೆ. ಮುರಿಯುತ್ತೇನೆ ಆ ಹೆದರಿಕೆಯನ್ನು.

ಅಕ್ಕ

*

ಡಿಸೆಂಬರ್ 3

ಗಡಿಬಿಡಿ,

ಮೊನ್ನೆ ಸೋಮವಾರ ಹೌದಪ್ಪ ಆ ಮಾತು ಹೇಳಿತು. ಹೋದ ವಾರ ಹದಿಮೂರು, ಅದರ ಹಿಂದಿನ ವಾರ ಹದಿನಾಲ್ಕು.

ನಾನು ಹೇಳಿದ್ದೆನಲ್ಲ, ಹಾಗೆಯೇ ಆಯಿತು. ಮೊದಲು ನಕ್ಕೆ. ಹದಿಮೂರಕ್ಕೂ ಹನ್ನೆರಡಕ್ಕೂ ಏನು ಮಹಾ ವ್ಯತ್ಯಾಸ ಅಂದೆ. ಆಮೇಲೆ ನಿಯಮ ತೆಗೆ ಅಂದೆ. "ಇದು ನೀವೇ ಹೇಳಿಟ್ಟ ಮಾತು. ನಿಮ್ಮೊಬ್ಬರ ಮಾತಿನ ಮೇಲೆ ತೆಗೆಯಲಾರೆ" ಅಂತು. ಇನ್ನೂ ಎರಡು ಸಲ ಹೇಳಿದೆ, ಎರಡು ಸಲವೂ ಅದೇ ಉತ್ತರ. ಅದರ ವಂಶವನ್ನೆಲ್ಲ ಬೈದೆ, ಅಂದರೆ ನಿನ್ನನ್ನು. ನಿನಗೆ ಆ ಹೊತ್ತಿನಲ್ಲಿ ಬಿಕ್ಕಳಿಕೆ ಬಂದಿದ್ದರೆ ಕಾರಣ ನಾನೇ.

ಕೊನೆಗೆ ಗುಂಡಿಯ ಕಡೆ ತಿರುಗಿದೆ. "ಹೂಂ ಅಂದುಬಿಡೇ. ಈ ಕೋಟು ಒಂದು ಮುಗಿಸಿಬಿಡ್ತೀನಿ" ಅಂದೆ. ನಿಜ ಹೇಳುತ್ತೇನೆ, ಬೇಡಿಕೊಂಡೆ. ಅವಳು ಹೊಲಿಗೆ ಯಂತ್ರದ ಮುಂದಿಂದ ಎದ್ದಳು. ಹತ್ತಿರ ಬಂದು, "ಇಲ್ಲ ಅಕ್ಕಾ" ಅಂದಳು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕತ್ತರಿ ತೆಗೆದುಕೊಂಡಳು. ಆ ಕೋಟನ್ನು ನನ್ನ ಎದುರಿಗೇ ತಾನು ಕತ್ತರಿಸಿದಳು. ಅಳುತ್ತಲೇ ಕತ್ತರಿಸಿದಳು, ಗೆರೆ ಒಂದು ಕೂದಲೆಳೆ ಆಚೀಚೆ ಹೋಗಲಿಲ್ಲ. ನಾನು ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಕೂತು ನೋಡಿದೆ. ಬಹಳ ನೋವಾಯಿತು. ಆದರೆ ನನ್ನ ಕೆಲಸ ಮುಗಿದದ್ದು ಎಲ್ಲರಿಗಿಂತ ಮೊದಲು ನನಗೆ ಗೊತ್ತಾಯಿತು.

ನಾಳೆಯೂ ಅಂಗಡಿಗೆ ಹೋಗುತ್ತೇನೆ. ಬಟ್ಟೆ ಮುಟ್ಟಿ ಅದರ ಜಾತಿ ಹೇಳುವುದು, ತೊಡಿಸಿದ ಕೋಟು ಎಲ್ಲಿ ಹಿಡಿಯುತ್ತಿದೆ ಅಂತ ನೋಡುವುದು ಇನ್ನೂ ನನ್ನ ಕೈಯಲ್ಲಿದೆ. ಅದಕ್ಕೆ ಸಂಖ್ಯೆ ಬೇಡ.

ಈ ಬೆಳಿಗ್ಗೆ, ತಲೆ ನೆಟ್ಟಗಿರುವಾಗಲೇ, ಹೌದಪ್ಪನಿಗೆ ಎರಡನೆಯ ಮಾತು ಹೇಳಿಟ್ಟೆ. ನಿನಗೆ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ. ಅದಕ್ಕೆ ಮುಖಗಳ ಗುರುತು ಹಿಡಿಯಲು ಬರುತ್ತದೆ, ಬಂದವರು ಯಾರು ಅಂತ ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿಕೊಡಲೂ ಬರುತ್ತದೆ. ಗಿರಾಕಿಗಳಿಗೆ, ನೆರೆಯವರಿಗೆ ಹಾಗೆಯೇ ಮಾಡಲಿ, ಮರ್ಯಾದೆ ಉಳಿಯುತ್ತದೆ. ಆದರೆ ಒಂದು ದಿನ ನೀನು ಬಾಗಿಲಲ್ಲಿ ನಿಂತು, ನನಗೆ ನಿನ್ನ ಗುರುತು ಸಿಗದೆ ಹೋದರೆ, ಅದು ಬಾಯಿ ಬಿಡಬಾರದು. ನನಗೆ ಹೇಳಿಕೊಟ್ಟು ನಿನ್ನ ಮುಂದೆ ನಾಟಕ ಆಡಿಸಬಾರದು. ನಾನು "ಯಾರಮ್ಮ ನೀನು?" ಅಂತ ಕೇಳುತ್ತೇನೆ. ನಿನಗೆ ಎದೆ ಒಡೆಯುತ್ತದೆ, ಗೊತ್ತು. ಆದರೂ ಒಳಗೆ ಬಾ, ಎದುರಿಗೆ ಕೂತು ನೀನೇ ಹೇಳು. ನಾಳೆ ಮತ್ತೆ ಕೇಳಿದರೆ ಮತ್ತೆ ಹೇಳು.

ಈ ಮಾತಿಗೆ ಜೊತೆಗಾರಳಾಗಿ ನಿನ್ನ ಹೆಸರೇ ಕೊಟ್ಟಿದ್ದೇನೆ. ಎಷ್ಟೇ ಕಷ್ಟವಾದರೂ ಹೂಂ ಅನ್ನಬೇಡ.

ನಿನ್ನ
ಅಕ್ಕ